ವಾಲ್ವ್ ಎಲ್ಲಿದೆ, ಗೊತ್ತೇ?

ನಿಮ್ಮ ಮನೆಯ ನೀರನ್ನು ಪೂರ್ತಿ ನಿಲ್ಲಿಸುವ ವಾಲ್ವ್ ಎಲ್ಲಿದೆ? ಅದನ್ನು ಕಡೆಯ ಸಲ ತಿರುಗಿಸಿದ್ದು ಯಾವಾಗ? ಈ ಎರಡಕ್ಕೂ ಥಟ್ಟನೆ ಉತ್ತರ ಹೇಳಬಲ್ಲ ಮನೆಗಳು ಕಡಿಮೆ. ಟಾಯ್ಲೆಟ್ಟಿನ ಹೆಲ್ತ್ ಫಾಸೆಟ್ ಪೈಪು ಒಡೆದು ನೀರು ಚಿಮ್ಮತೊಡಗಿದಾಗ ಒಬ್ಬರು ಬಕೆಟ್ಟು ಹಿಡಿಯುತ್ತಾರೆ, ಇನ್ನೊಬ್ಬರು ಟವೆಲ್ ಸುತ್ತುತ್ತಾರೆ, ಮತ್ತೊಬ್ಬರು ಫೋನ್ ಎತ್ತದ ಪ್ಲಂಬರಿಗೆ ಮತ್ತೆ ಮತ್ತೆ ಫೋನ್ ಹಚ್ಚುತ್ತಾರೆ. ತಾರಸಿ ಹತ್ತಿ ಟ್ಯಾಂಕಿನ ಕೆಳಗಿನ ಚಕ್ರ ತಿರುಗಿಸಿದ್ದರೆ ಎರಡು ನಿಮಿಷದಲ್ಲಿ ಮುಗಿಯುತ್ತಿತ್ತು. ಅದು ಹೊಳೆದು ಹತ್ತಿದವರ ಕೈಗೂ ಎಷ್ಟೋ ಸಲ ಸಿಗುವುದು ಉಪ್ಪು ಕಟ್ಟಿ ಕಲ್ಲಾದ ವಾಲ್ವೇ. ಒಡೆದ ಪೈಪಿನ ಬೆಲೆ ಹೆಚ್ಚಲ್ಲ. ಬಾತ್‌ರೂಮಿನ ಬಾಗಿಲು ಉಬ್ಬಿ, ಕೆಳಗಿನ ಮನೆಯವರ ಸೀಲಿಂಗು ತೊಯ್ದು ಆಗುವ ನಷ್ಟ ಮಾತ್ರ ದೊಡ್ಡದು.

ಪ್ಲಂಬಿಂಗ್ ಎಂದೊಡನೆ ಸೋರುವ ನಲ್ಲಿ, ಕಟ್ಟಿಕೊಂಡ ಸಿಂಕು ನೆನಪಿಗೆ ಬರುತ್ತವೆ. ನನ್ನ ಲೆಕ್ಕದಲ್ಲಿ ಅವು ಆಮೇಲಿನ ಮಾತು. ನಮ್ಮ ಊರುಗಳಲ್ಲಿ ಬೀದಿಯ ನೀರು ನೇರ ನಲ್ಲಿಗೆ ಬರುವುದು ಅಪರೂಪ. ದಿನ ಬಿಟ್ಟು ದಿನವೋ ವಾರಕ್ಕೊಮ್ಮೆಯೋ ಬಂದ ನೀರು ಸಂಪಿಗೆ ಬೀಳುತ್ತದೆ, ಮೋಟಾರು ಅದನ್ನು ತಾರಸಿಗೆ ಏರಿಸುತ್ತದೆ, ಅಲ್ಲಿಂದ ತನ್ನ ಭಾರಕ್ಕೆ ತಾನೇ ಇಳಿದು ನಲ್ಲಿಗಳಿಗೆ ಬರುತ್ತದೆ. ಹಾಗಾಗಿ ನಮ್ಮ ಮನೆಗಳ ಪ್ಲಂಬಿಂಗ್ ನೋಡಿಕೊಳ್ಳುವವರು ಸಿಂಕಿನ ಕೆಳಗೆ ಬಗ್ಗುವ ಮೊದಲು ತಾರಸಿಗೆ ಹತ್ತಬೇಕು.

ಟ್ಯಾಂಕಿನಿಂದ ಇಳಿಯುವ ಪೈಪುಗಳಿಗೆ ಒಂದೊಂದು ವಾಲ್ವ್ ಇರುತ್ತದೆ: ಅಡುಗೆಮನೆಗೆ ಒಂದು, ಬಾತ್‌ರೂಮುಗಳಿಗೆ ಒಂದೋ ಎರಡೋ, ಸೋಲಾರಿಗೆ ಒಂದು. ಯಾವುದು ಎಲ್ಲಿಗೆ ಹೋಗುತ್ತದೆ ಎಂಬುದು ಮನೆ ಕಟ್ಟಿದ ಮೇಸ್ತ್ರಿಯ ತಲೆಯಲ್ಲಿ ಮಾತ್ರ ಉಳಿದಿರುತ್ತದೆ. ಒಂದು ಭಾನುವಾರ ಬೆಳಿಗ್ಗೆ ಮನೆಯಲ್ಲಿ ಒಬ್ಬರನ್ನು ನಲ್ಲಿಗಳ ಬಳಿ ನಿಲ್ಲಿಸಿ, ಮೇಲೆ ಒಂದೊಂದೇ ವಾಲ್ವ್ ಮುಚ್ಚುತ್ತ ಹೋಗಿ. ಯಾವ ನಲ್ಲಿ ನಿಂತಿತೋ ನೋಡಿ ಆಯಿಲ್ ಪೇಂಟಿನಲ್ಲಿ ಅಲ್ಲೇ ಪ್ಯಾರಪೆಟ್ ಗೋಡೆಯ ಮೇಲೆ ಬರೆದುಬಿಡಿ. ಹಗಲು ಹೊತ್ತು ಮನೆಯಲ್ಲಿ ಅಜ್ಜಿಯೊಬ್ಬರೇ ಇರುತ್ತಾರೆ ಎಂದಾದರೆ ಅವರಿಗೂ ತಿಳಿಸಿಡಿ. ಮೆಟ್ಟಿಲು ಹತ್ತಲು ಅವರಿಗೆ ಆಗದಿದ್ದರೂ ಪಕ್ಕದ ಮನೆಯ ಹುಡುಗನಿಗೆ ಯಾವುದನ್ನು ತಿರುಗಿಸಬೇಕೆಂದು ಹೇಳಬಲ್ಲರು.

ವಾಲ್ವಿನಲ್ಲಿ ಎರಡು ಬಗೆ. ಚಕ್ರದಂಥ ಹಿಡಿ ಇದ್ದು ನಾಲ್ಕಾರು ಸುತ್ತು ತಿರುಗಿಸಬೇಕಾದದ್ದು ಗೇಟ್ ವಾಲ್ವ್. ಉದ್ದ ಹಿಡಿ ಇದ್ದು ಕಾಲು ಸುತ್ತಿಗೇ ಮುಚ್ಚುವುದು ಬಾಲ್ ವಾಲ್ವ್. ಬಾಲ್ ವಾಲ್ವಿನ ಹಿಡಿ ಪೈಪಿನ ಉದ್ದಕ್ಕೆ ಇದ್ದರೆ ತೆರೆದಿದೆ, ಅಡ್ಡಕ್ಕೆ ಇದ್ದರೆ ಮುಚ್ಚಿದೆ, ನೋಡಿದರೇ ಗೊತ್ತಾಗುತ್ತದೆ. ಹಳೆಯ ಮನೆಗಳಲ್ಲಿ ಗೇಟ್ ವಾಲ್ವ್‌ಗಳೇ ಹೆಚ್ಚು, ಬೋರ್‌ವೆಲ್ ನೀರಿಗೆ ಬೇಗ ಬಿಗಿದುಕೊಳ್ಳುವವೂ ಅವೇ. ಇದಕ್ಕೆ ಮದ್ದು ಸುಲಭ: ಮೂರು ತಿಂಗಳಿಗೊಮ್ಮೆ ಎಲ್ಲವನ್ನೂ ಒಮ್ಮೆ ಮುಚ್ಚಿ ತೆರೆಯುವುದು. ಗೇಟ್ ವಾಲ್ವನ್ನು ಪೂರ್ತಿ ತೆರೆದ ಮೇಲೆ ಕಾಲು ಸುತ್ತು ಹಿಂದಕ್ಕೆ ತಿರುಗಿಸಿ ಬಿಟ್ಟರೆ ತುದಿಯಲ್ಲಿ ಕಚ್ಚಿಕೊಳ್ಳುವುದಿಲ್ಲ. ಅರ್ಧ ತೆರೆದು ನೀರಿನ ವೇಗ ಹೊಂದಿಸಲು ಅದನ್ನು ಬಳಸಬೇಡಿ. ಒಳಗಿನ ತಗಡು ನೀರಿನ ಸೆಳೆತಕ್ಕೆ ಸವೆದು, ಆಮೇಲೆ ಮುಚ್ಚಿದರೂ ನೀರು ನಿಲ್ಲುವುದಿಲ್ಲ. ವರ್ಷಗಟ್ಟಲೆ ಅಲುಗದ ವಾಲ್ವಿಗೆ ಪೈಪ್ ರೆಂಚ್ ಹಾಕಿ ಜಗ್ಗುವುದಂತೂ ಬೇಡವೇ ಬೇಡ. ಸ್ಪಿಂಡಲ್ ಮುರಿದರೆ ಇಡೀ ಟ್ಯಾಂಕಿನ ನೀರು ತಾರಸಿಯ ಪಾಲು. ಸ್ಪಿಂಡಲಿಗೆ ಒಂದೆರಡು ಹನಿ ಎಣ್ಣೆ ಬಿಟ್ಟು, ಒಂದು ದಿನ ತಡೆದು, ಕೈಯಲ್ಲೇ ಅತ್ತಿತ್ತ ಮೆಲ್ಲಗೆ ಅಲುಗಿಸಿ ನೋಡಿ. ಆಗಲೂ ಬಾರದಿದ್ದರೆ ಟ್ಯಾಂಕು ತೊಳೆಸುವ ದಿನ ಪ್ಲಂಬರನ್ನು ಕರೆಸಿ ಬಾಲ್ ವಾಲ್ವ್ ಹಾಕಿಸಿ. ಟ್ಯಾಂಕು ಹೇಗೂ ಖಾಲಿ ಇರುತ್ತದೆ.

ಬಾತ್‌ರೂಮಿನ ಒಳಗೆ ಫ್ಲಶ್ ಟ್ಯಾಂಕ್, ವಾಶ್ ಬೇಸಿನ್, ಗೀಸರ್, ಹೆಲ್ತ್ ಫಾಸೆಟ್ಟುಗಳಿಗೆ ಇರುವ ಪುಟ್ಟ ಆ್ಯಂಗಲ್ ಕಾಕ್‌ಗಳಿಗೂ ಇದೇ ಉಪಚಾರ. ಹೆಲ್ತ್ ಫಾಸೆಟ್ಟಿನ ಆ್ಯಂಗಲ್ ಕಾಕನ್ನು ರಾತ್ರಿ ಮಲಗುವಾಗ, ಮನೆ ಬಿಟ್ಟು ಹೋಗುವಾಗ ಮುಚ್ಚುವುದನ್ನು ರೂಢಿ ಮಾಡಿಕೊಳ್ಳಿ. ಅದರ ತೆಳು ಪೈಪು ಹಗಲೂ ರಾತ್ರಿ ಒತ್ತಡದಲ್ಲೇ ಇರುತ್ತದೆ. ಮನೆಗೆ ಪ್ರೆಷರ್ ಪಂಪ್ ಹಾಕಿಸಿದ್ದರೆ ಕೇಳುವುದೇ ಬೇಡ. ವಾಷಿಂಗ್ ಮಷಿನ್ನಿನ ನಲ್ಲಿಗೂ ಇದೇ ಮಾತು.

ಟ್ಯಾಂಕೇ ಮೀಟರು

ಕಾಣುವ ಸೋರಿಕೆಗಿಂತ ಕಾಣದ್ದರ ಕಾಟ ಹೆಚ್ಚು. ಅದನ್ನು ಹಿಡಿಯಲು ಉಪಕರಣವೇನೂ ಬೇಡ, ಟ್ಯಾಂಕೇ ಸಾಕು. ರಾತ್ರಿ ಎಲ್ಲರೂ ಮಲಗಿದ ಮೇಲೆ, ಮೋಟಾರು ಆಫ್ ಇರುವಾಗ, ಟ್ಯಾಂಕಿನೊಳಗೆ ಒಂದು ಕೋಲು ಇಳಿಸಿ ನೀರಿನ ಮಟ್ಟ ಗುರುತು ಮಾಡಿಕೊಳ್ಳಿ. ರಾತ್ರಿ ಯಾರೂ ಫ್ಲಶ್ ಮಾಡದಂತೆ ಬಕೆಟ್ಟಿನಲ್ಲಿ ನೀರು ಇಟ್ಟಿರಿ. ಬೆಳಿಗ್ಗೆ ಮೊದಲ ನಲ್ಲಿ ತಿರುಗಿಸುವ ಮುಂಚೆ ಮತ್ತೆ ಅಳೆಯಿರಿ. 1.1 ಮೀಟರ್ ಅಡ್ಡಳತೆಯ ಗುಂಡು ಟ್ಯಾಂಕಿನಲ್ಲಿ ಮಟ್ಟ ಒಂದು ಸೆಂಟಿಮೀಟರ್ ಇಳಿದಿದ್ದರೆ ಸುಮಾರು 9.5 ಲೀಟರ್ ಹೋಗಿದೆ ಎಂದರ್ಥ. ಇಳಿದಿದ್ದರೆ ಮರುದಿನ ರಾತ್ರಿ ಅಡುಗೆಮನೆಯ ವಾಲ್ವ್ ಮಾತ್ರ ಮುಚ್ಚಿ ನೋಡಿ, ಅದರ ಮರುದಿನ ಬಾತ್‌ರೂಮಿನದು. ಯಾವುದನ್ನು ಮುಚ್ಚಿದಾಗ ಮಟ್ಟ ನಿಂತಿತೋ ಸೋರಿಕೆ ಆ ಪೈಪಿನಲ್ಲಿದೆ. ಗೋಡೆ ಒಡೆಯಬೇಕಾಗಿ ಬಂದರೂ ಪ್ಲಂಬರ್ ಒಂದೇ ಗೋಡೆ ಒಡೆದಾನು.

ಪ್ರೆಷರ್ ಪಂಪ್ ಇರುವ ಮನೆಯಲ್ಲಿ ಇಷ್ಟೂ ಬೇಡ. ಯಾರೂ ನೀರು ಮುಟ್ಟದ ಹೊತ್ತಿನಲ್ಲಿ ಪಂಪು ಆಗಾಗ ಗುರ್ ಎಂದು ಓಡಿ ನಿಲ್ಲುತ್ತಿದ್ದರೆ ಎಲ್ಲೋ ಸೋರುತ್ತಿದೆ, ಇಲ್ಲವೇ ಪಂಪಿನ ನಾನ್ ರಿಟರ್ನ್ ವಾಲ್ವ್ ನೀರನ್ನು ಹಿಂದಕ್ಕೆ ಬಿಡುತ್ತಿದೆ.

ಬಹಳ ಸಲ ಕಳ್ಳ ಸಿಗುವುದು ಫ್ಲಶ್ ಟ್ಯಾಂಕಿನಲ್ಲಿ. ಬಿಳಿ ಪಿಂಗಾಣಿಯ ಮೇಲೆ ಸದ್ದಿಲ್ಲದೆ ಜಾರುವ ನೀರು ಕಣ್ಣಿಗೆ ಬೀಳುವುದಿಲ್ಲ. ಬಟ್ಟೆಗೆ ಹಾಕುವ ನೀಲಿಯನ್ನು ನಾಲ್ಕು ಹನಿ ಫ್ಲಶ್ ಟ್ಯಾಂಕಿಗೆ ಬಿಟ್ಟು ಅರ್ಧ ಗಂಟೆ ಯಾರೂ ಫ್ಲಶ್ ಮಾಡದಂತೆ ನೋಡಿಕೊಳ್ಳಿ. ಕಮೋಡಿನ ಒಳಗೆ ನೀಲಿ ಇಳಿದಿದ್ದರೆ ತಳದ ರಬ್ಬರ್ ವಾಷರ್ ಸವೆದಿದೆ ಅಥವಾ ಅದರ ಮೇಲೆ ಉಪ್ಪು ಕಟ್ಟಿದೆ. ಕೆಲವೊಮ್ಮೆ ಒಳಗಿನ ಫ್ಲೋಟ್ ಮೇಲಕ್ಕೆ ಹೊಂದಿಸಿರುವುದರಿಂದ ನೀರು ಓವರ್‌ಫ್ಲೋ ಕೊಳವೆಯೊಳಕ್ಕೇ ಹರಿಯುತ್ತಿರುತ್ತದೆ. ಸ್ಕ್ರೂ ತಿರುಗಿಸಿ ಮಟ್ಟವನ್ನು ಒಂದಂಗುಲ ತಗ್ಗಿಸಿದರೆ ಅದು ಸರಿಹೋಗುತ್ತದೆ. ಬೆಂಗಳೂರಿನವರಿಗೆ ಕಾವೇರಿ ನೀರು ಬರುವುದು ನೂರು ಕಿಲೋಮೀಟರ್ ಆಚೆಯ ತೊರೆಕಾಡನಹಳ್ಳಿಯಿಂದ, ಸುಮಾರು ಅರ್ಧ ಕಿಲೋಮೀಟರ್ ಎತ್ತರಕ್ಕೆ ಪಂಪು ಮಾಡಿಸಿಕೊಂಡು. ಅಷ್ಟು ಹತ್ತಿ ಬಂದದ್ದು ನೇರ ಕಮೋಡಿಗೆ ಇಳಿಯುವುದೆಂದರೆ ಹೊಟ್ಟೆ ಉರಿಯುತ್ತದೆ.

ತೊಟ್ಟಿಕ್ಕುವ ನಲ್ಲಿಯ ಕೆಳಗೆ ಲೋಟ ಇಟ್ಟು ನೋಡಿ. ಹತ್ತು ನಿಮಿಷಕ್ಕೆ 100 ಮಿಲಿಲೀಟರ್ ತುಂಬಿದರೆ ದಿನಕ್ಕೆ 14 ಲೀಟರಿಗೂ ಹೆಚ್ಚು, ತಿಂಗಳಿಗೆ 430 ಲೀಟರು. ಟ್ಯಾಂಕರ್ ನೀರು ಕೊಳ್ಳುವವರು ಇದನ್ನು ದುಡ್ಡಿಗೆ ತಿರುಗಿಸಿ ನೋಡಿಕೊಳ್ಳಲಿ. ನಾಲ್ಕಾರು ಸುತ್ತು ತಿರುಗಿಸುವ ಹಳೆಯ ನಲ್ಲಿಯಾದರೆ ಒಳಗಿನ ವಾಷರ್ ಬದಲಿಸಿದರೆ ಆಯಿತು, ಕೆಲವೇ ರೂಪಾಯಿಯ ಸಾಮಾನು. ಹಳೆಯ ವಾಷರನ್ನೇ ಹಾರ್ಡ್‌ವೇರ್ ಅಂಗಡಿಗೆ ಒಯ್ದು ತೋರಿಸಿದರೆ ಅಳತೆಯ ಗೊಂದಲವಿಲ್ಲ. ಕಾಲು ಸುತ್ತಿನ ನಲ್ಲಿಯಲ್ಲಿ ವಾಷರ್ ಇರುವುದಿಲ್ಲ, ಸೆರಾಮಿಕ್ ಬಿಲ್ಲೆಗಳ ಕಾರ್ಟ್ರಿಜ್ ಇರುತ್ತದೆ. ಅದು ಹೋದರೆ ಅದೇ ಕಂಪನಿಯದನ್ನೇ ಹುಡುಕಬೇಕು. ಹೊಸ ನಲ್ಲಿ ಕೊಳ್ಳುವಾಗ ಬಿಡಿಭಾಗ ಊರಿನಲ್ಲೇ ಸಿಗುತ್ತದೆಯೇ ಎಂದು ಕೇಳುವುದು ಹೊಳಪು ನೋಡುವುದಕ್ಕಿಂತ ಮುಖ್ಯ. ಬಿಚ್ಚುವ ಮುಂಚೆ ಸಿಂಕಿನ ತೂತಿಗೆ ಬಟ್ಟೆ ತುರುಕಿ. ಪುಟ್ಟ ಸ್ಕ್ರೂಗಳು ಉರುಳಿ ಹೋಗುವ ಜಾಗ ಅದೇ.

ಗೋಡೆ ಒದ್ದೆಯಾಗಿದ್ದರೆ ಕೂಡಲೇ ಸುಣ್ಣ ಬಣ್ಣಕ್ಕೆ ಕೈ ಹಾಕಬೇಡಿ. ಸದಾಕಾಲ ಒಂದೇ ಸಮ ಒದ್ದೆ ಇದ್ದರೆ ಅದು ಟ್ಯಾಂಕಿನಿಂದ ಇಳಿಯುವ ಪೈಪಿನ ಸೋರಿಕೆ, ಕೋಲಿನ ಲೆಕ್ಕಕ್ಕೆ ಸಿಗುತ್ತದೆ. ಸ್ನಾನವಾದ ಮೇಲೆ ಹೆಚ್ಚಾಗಿ, ಮನೆಯವರು ಊರಿಗೆ ಹೋದಾಗ ಒಣಗಿದರೆ ಕೊಳೆನೀರಿನ ಪೈಪು ಅಥವಾ ಟೈಲ್ಸ್ ಸಂದಿ ಕಾರಣ. ಮಳೆಗಾಲದಲ್ಲಿ ಮಾತ್ರ ಕಂಡರೆ ತಪ್ಪು ಪ್ಲಂಬಿಂಗಿನದಲ್ಲ, ತಾರಸಿಯದು ಅಥವಾ ಹೊರಗೋಡೆಯ ಬಿರುಕಿನದು.

ಸಂಪು, ಮೋಟಾರು, ಟ್ಯಾಂಕು

ವರ್ಷಕ್ಕೆ ಎರಡು ಸಲ ಸಂಪು ಮತ್ತು ಟ್ಯಾಂಕು ತೊಳೆಯಬೇಕು. ಮಳೆಗಾಲಕ್ಕೆ ಮುಂಚೆ ಒಮ್ಮೆ, ದೀಪಾವಳಿಯ ಹೊತ್ತಿಗೆ ಒಮ್ಮೆ ಎಂದು ಇಟ್ಟುಕೊಂಡರೆ ಮರೆಯುವುದಿಲ್ಲ. ತೊಳೆಯುವ ಹಿಂದಿನ ದಿನವೇ ಮೋಟಾರು ಹಾಕುವುದನ್ನು ನಿಲ್ಲಿಸಿ ಟ್ಯಾಂಕಿನ ನೀರನ್ನು ಬಳಸಿ ಇಳಿಸಿ. ಎಷ್ಟೋ ಮಂದಿ ಇಲ್ಲೊಂದು ಕ್ರಮ ತಪ್ಪುತ್ತಾರೆ. ತಳ ಉಜ್ಜುವ ಮುಂಚೆ ಮನೆಗೆ ಇಳಿಯುವ ಎಲ್ಲ ವಾಲ್ವುಗಳನ್ನೂ ಮುಚ್ಚಲೇಬೇಕು. ಇಲ್ಲದಿದ್ದರೆ ಎದ್ದ ಕೆಸರು ನೇರ ಗೀಸರಿಗೆ, ಶವರಿಗೆ, ನಲ್ಲಿಗಳ ಜಾಲಿಗೆ ಹೋಗಿ ಕೂರುತ್ತದೆ. ಕೊಳೆನೀರು ಹೋಗಬೇಕಾದದ್ದು ಟ್ಯಾಂಕಿನ ತಳದ ವಾಶ್‌ಔಟ್ ಪೈಪಿನಿಂದ. ಅದಿಲ್ಲದಿದ್ದರೆ ಮಗ್ಗಿನಲ್ಲಿ ಎತ್ತಿ ಚೆಲ್ಲಿ, ಬಟ್ಟೆಯಲ್ಲಿ ಒರೆಸಿ ತೆಗೆಯಿರಿ.

ಟ್ಯಾಂಕು ಮತ್ತೆ ತುಂಬಿದ ಮೇಲೆ ಬಿಸಿನೀರಿನ ನಲ್ಲಿ ಮುಷ್ಕರ ಹೂಡುವುದುಂಟು. ಪೈಪಿನಲ್ಲಿ ಗಾಳಿ ಸಿಕ್ಕಿಕೊಂಡಿರುತ್ತದೆ. ಮೊದಲು ಗೀಸರಿನ ಸ್ವಿಚ್ಚು ಆಫ್ ಮಾಡಿ. ಬಿಸಿ ಮತ್ತು ತಣ್ಣೀರು ಎರಡೂ ಸೇರುವ ಮಿಕ್ಸರ್ ನಲ್ಲಿ ಇದ್ದರೆ ಎರಡನ್ನೂ ತೆರೆದು, ನೀರು ಬರುವ ಬಾಯಿಯನ್ನು ಅಂಗೈಯಲ್ಲಿ ಒಂದರ್ಧ ನಿಮಿಷ ಅದುಮಿ ಹಿಡಿಯಿರಿ. ತಣ್ಣೀರಿನ ಒತ್ತಡ ಬಿಸಿನೀರಿನ ಪೈಪಿನೊಳಕ್ಕೆ ಹಿಂದಕ್ಕೆ ನುಗ್ಗಿ ಗಾಳಿಯನ್ನು ತಳ್ಳುತ್ತದೆ. ಎರಡು ಮೂರು ಸಲ ಮಾಡಿದರೆ ಸಾಮಾನ್ಯವಾಗಿ ದಾರಿ ಬಿಡುತ್ತದೆ.

ಬೋರ್‌ವೆಲ್ ಅಥವಾ ಟ್ಯಾಂಕರ್ ನೀರು ತುಂಬಿಸಿಕೊಳ್ಳುವವರು 1000 ಲೀಟರಿಗೆ 2.5 ಗ್ರಾಂ, ಅಂದರೆ ಟೀ ಚಮಚದ ಅರ್ಧದಷ್ಟು, ಒಳ್ಳೆಯ ಬ್ಲೀಚಿಂಗ್ ಪೌಡರನ್ನು ಬಕೆಟ್ ನೀರಿನಲ್ಲಿ ಕದಡಬೇಕು. ಸುಣ್ಣ ತಳಕ್ಕೆ ಇಳಿದ ಮೇಲೆ ತಿಳಿಯನ್ನು ಮಾತ್ರ ಟ್ಯಾಂಕಿಗೆ ಸುರಿದು ಒಂದು ಗಂಟೆ ಬಿಟ್ಟು ಬಳಸಬೇಕು. ವರ್ಷದ ಹಿಂದೆ ತಂದು ಪೊಟ್ಟಣ ಬಿಚ್ಚಿಟ್ಟ ಪೌಡರಿನಲ್ಲಿ ಸತ್ವ ಉಳಿದಿರುವುದಿಲ್ಲ.

ಬೀದಿ ನೀರಿನ ಬಗ್ಗೆಯೂ ಒಂದು ಎಚ್ಚರ. ಸರಬರಾಜು ನಿಂತಾಗ ಕೊಳವೆಯೊಳಗೆ ಒತ್ತಡ ಇರುವುದಿಲ್ಲ. ಎಲ್ಲಾದರೂ ಬಿರುಕಿದ್ದರೆ ಪಕ್ಕದ ಚರಂಡಿಯ ನೀರು ಒಳಕ್ಕೆ ನುಗ್ಗಬಹುದು. ಹಾಗಾಗಿ ನೀರು ಬಂದ ಮೊದಲ ಕೆಲವು ನಿಮಿಷದ್ದು ಸಂಪಿಗೆ ಬೀಳದಿರುವುದು ಮೇಲು. ಸಂಪಿನ ಒಳಹರಿವಿಗೆ ಮುಂಚೆ ಒಂದು ನಲ್ಲಿ ಹಾಕಿಸಿಕೊಂಡರೆ ಆ ನೀರನ್ನು ಅಂಗಳಕ್ಕೆ, ಗಿಡಕ್ಕೆ ಬಿಡಬಹುದು.

ಸಂಪಿಗೆ ಇಳಿಯುವುದು ತಮಾಷೆಯ ಕೆಲಸವಲ್ಲ. ಮುಚ್ಚಿಟ್ಟ ಸಂಪಿನಲ್ಲಿ ಉಸಿರಾಡಲು ತಕ್ಕಷ್ಟು ಗಾಳಿ ಇಲ್ಲದಿರಬಹುದು. ಮುಚ್ಚಳ ತೆರೆದು ಕೆಲವು ಗಂಟೆ ಬಿಟ್ಟ ಮೇಲೆಯೇ ಇಳಿಯಬೇಕು, ಮೇಲೆ ಒಬ್ಬರು ನಿಂತಿರಬೇಕು. ಒಳಗೆ ಸಬ್‌ಮರ್ಸಿಬಲ್ ಮೋಟಾರು ಇದ್ದರೆ ಸ್ವಿಚ್ಚು ಆಫ್ ಮಾಡಿದರೆ ಸಾಲದು, ಪ್ಲಗ್ಗನ್ನೇ ಕಿತ್ತಿಡಬೇಕು. ಒಳಗೆ ಇಳಿದವರು ಕುಸಿದರೆ ಅವರ ಹಿಂದೆಯೇ ಧುಮುಕಬೇಡಿ. 112ಕ್ಕೆ ಫೋನ್ ಮಾಡಿ. ಒಬ್ಬರನ್ನು ಉಳಿಸಲು ಹೋಗಿ ಇಬ್ಬರು ಮೂವರು ಸತ್ತ ಸುದ್ದಿ ನಮಗೆ ಹೊಸದಲ್ಲ.

ಟ್ಯಾಂಕಿನ ಮುಚ್ಚಳ ಬಿಗಿಯಾಗಿರಲಿ, ಓವರ್‌ಫ್ಲೋ ಪೈಪಿನ ಬಾಯಿಗೆ ಸೊಳ್ಳೆ ಪರದೆಯ ತುಂಡು ಕಟ್ಟಿ. ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಡುವುದು ಇಂಥ ತಿಳಿನೀರಿನಲ್ಲೇ. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿದ ಮೇಲೆ, ಸೊಳ್ಳೆ ಮರಿ ಮಾಡಲು ಬಿಟ್ಟ ಮನೆಯವರಿಗೂ ದಂಡ ಹಾಕಬಹುದು.

ಮೋಟಾರಿನ ವಿಷಯದಲ್ಲಿ ಒಂದೇ ಒಂದು ಅಭ್ಯಾಸ ಸಾಕು. ಖಾಲಿ ಟ್ಯಾಂಕು ತುಂಬಲು ಎಷ್ಟು ನಿಮಿಷ ಬೇಕೆಂದು ಗಡಿಯಾರ ನೋಡಿ, ಸ್ವಿಚ್ಚಿನ ಪಕ್ಕ ಗೋಡೆಗೆ ಬರೆದಿಡಿ. 25 ನಿಮಿಷಕ್ಕೆ ತುಂಬುತ್ತಿದ್ದದ್ದು 40 ತೆಗೆದುಕೊಂಡರೆ ಫುಟ್ ವಾಲ್ವಿನಲ್ಲಿ ಕಸ ಸಿಕ್ಕಿರಬಹುದು, ಹೀರುವ ಪೈಪಿನ ಜೋಡಣೆಯಲ್ಲಿ ಗಾಳಿ ಎಳೆಯುತ್ತಿರಬಹುದು, ಇಂಪೆಲ್ಲರ್ ಸವೆದಿರಬಹುದು. ಪ್ರತಿ ಸಲವೂ ಪ್ರೈಮಿಂಗ್ ಮಾಡಲು ನೀರು ಹುಯ್ಯಬೇಕಾಗಿ ಬಂದರೆ ಫುಟ್ ವಾಲ್ವೇ ಅಪರಾಧಿ. ನೀರಿಲ್ಲದ ಸಂಪಿನಲ್ಲಿ ಮೋಟಾರು ಓಡಿದರೆ ಸೀಲು ಸುಡುತ್ತದೆ. ಮರೆವಿನ ಮನೆಗಳಿಗೆ ಮಟ್ಟ ನೋಡಿ ತಾನೇ ನಿಲ್ಲುವ ಕಂಟ್ರೋಲರ್ ಒಂದು ಒಳ್ಳೆಯ ಖರ್ಚು.

ಉಪ್ಪು ನೀರಿನ ಕಾಟ

ಹಳೆ ಮೈಸೂರಿನ ಕಡೆ ಬೋರ್‌ವೆಲ್ ನೀರಿಗೆ ಉಪ್ಪು ನೀರು ಎನ್ನುತ್ತೇವೆ. ಈ ಉಪ್ಪೆಂದರೆ ನೀರಿನ ಗಡಸುತನ. ಕುಡಿಯುವ ನೀರಿನ ಭಾರತೀಯ ಮಾನಕವು ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಚೆನ್ನ, ಬೇರೆ ನೀರು ಸಿಗದಿದ್ದರೆ 600ರವರೆಗೆ ಒಪ್ಪಬಹುದು ಎನ್ನುತ್ತದೆ. ಬಯಲುಸೀಮೆಯ ಎಷ್ಟೋ ಬೋರ್‌ವೆಲ್‌ಗಳು ಆ ಮೇಲಿನ ಗಡಿಯನ್ನೂ ದಾಟಿರುತ್ತವೆ. ನಲ್ಲಿಯ ಸುತ್ತ ಬಿಳಿ ಪೊರೆ, ಶವರಿನ ಅರ್ಧ ತೂತು ಮುಚ್ಚಿರುವುದು, ನೀರು ಕಾಯಲು ಗೀಸರ್ ಮೊದಲಿಗಿಂತ ಹೆಚ್ಚು ಹೊತ್ತು ತೆಗೆದುಕೊಳ್ಳುವುದು, ಎಲ್ಲವೂ ಅದರದೇ ಕೆಲಸ.

ಶವರಿನ ತಲೆ, ನಲ್ಲಿಯ ತುದಿಯ ಏರೇಟರ್ ಜಾಲಿ ಬಿಚ್ಚಿ, ನಿಂಬೆ ಉಪ್ಪು ಕರಗಿಸಿದ ಬೆಚ್ಚನೆಯ ನೀರಿನಲ್ಲಿ ಒಂದೆರಡು ಗಂಟೆ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ. ರಾತ್ರಿಯಿಡೀ ಬಿಟ್ಟರೆ ಮೇಲಿನ ಹೊಳಪು ಹೋಗುತ್ತದೆ. ನೀರಿನ ಬರ ಬಂದ 2024ರ ಮಾರ್ಚಿನಲ್ಲಿ ಬೆಂಗಳೂರು ಜಲಮಂಡಳಿ ಅಪಾರ್ಟ್‌ಮೆಂಟು, ಹೋಟೆಲು, ಕಚೇರಿಗಳಿಗೆ ಏರೇಟರ್ ಕಡ್ಡಾಯ ಮಾಡಿದಾಗ ಬಹಳ ಮಂದಿ ಹಾಕಿಸಿಕೊಂಡರು. ಆದರೆ ಉಪ್ಪು ನೀರಿನ ಬಡಾವಣೆಗಳಲ್ಲಿ ತಿಂಗಳಿಗೊಮ್ಮೆ ಬಿಚ್ಚಿ ತೊಳೆಯಬೇಕೆಂದು ಯಾರೂ ಹೇಳಲಿಲ್ಲ. ಹನಿ ಹನಿಯಾಗಿ ಬರತೊಡಗಿದಾಗ ಬೇಸತ್ತು ಕಿತ್ತೆಸೆದವರೂ ಇದ್ದಾರೆ.

ಗೀಸರಿನಲ್ಲಿ ಉಪ್ಪು ಗಟ್ಟಿಯಾಗುವುದು ನೀರು ಕಾದಷ್ಟೂ ಹೆಚ್ಚು. ಥರ್ಮೋಸ್ಟಾಟನ್ನು 60 ಡಿಗ್ರಿಯ ಆಸುಪಾಸು ಇಡಿ, ಅದಕ್ಕಿಂತ ಮೇಲೆ ಬೇಕಿಲ್ಲ. ವರ್ಷಕ್ಕೊಮ್ಮೆ ಕಂಪನಿಯವರಿಂದ ಬಿಚ್ಚಿಸಿ, ಕಾಯಿಲ್ ಮೇಲಿನ ಪೊರೆ ತೆಗೆಸಿ, ಆ್ಯನೋಡ್ ರಾಡ್ ತೋರಿಸಿ ಎಂದು ಕೇಳಿ. ಅದು ಮೆಗ್ನೀಸಿಯಂ ಕಡ್ಡಿ. ಟ್ಯಾಂಕಿನ ಉಕ್ಕು ತುಕ್ಕು ಹಿಡಿಯುವ ಬದಲು ತಾನು ಸವೆಯಲೆಂದೇ ಒಳಗೆ ಕೂತಿರುತ್ತದೆ. ತೆಳ್ಳಗಾಗಿದ್ದರೆ ಬದಲಿಸಿ, ಅದು ಮುಗಿದ ಮೇಲೆ ಗೀಸರಿನ ತೊಟ್ಟಿಯೇ ತೂತು ಬೀಳುತ್ತದೆ. ನೀರು ಕಾಯುವಾಗ ಸೇಫ್ಟಿ ವಾಲ್ವಿನಿಂದ ಒಂದೆರಡು ಹನಿ ಬಿದ್ದರೆ ಗಾಬರಿ ಬೇಡ. ಸೋರುತ್ತದೆಂದು ಅದರ ಬಾಯಿಗೆ ಬೆಣೆ ಹೊಡೆಯುವವರಿದ್ದಾರೆ, ಅದು ಗೀಸರನ್ನು ಬಾಂಬು ಮಾಡುವ ಕೆಲಸ. ಗ್ಯಾಸ್ ಗೀಸರ್ ಇದ್ದರೆ ಅದು ಬಾತ್‌ರೂಮಿನ ಹೊರಗೆ, ಗಾಳಿಯಾಡುವ ಜಾಗದಲ್ಲಿರಬೇಕು. ಮುಚ್ಚಿದ ಕೋಣೆಯಲ್ಲಿ ಉರಿಯುವ ಗ್ಯಾಸು ಕಾರ್ಬನ್ ಮೊನಾಕ್ಸೈಡ್ ಬಿಡುತ್ತದೆ, ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಸ್ನಾನಕ್ಕೆ ಹೋದವರು ಹೊರಗೆ ಬಾರದ ಪ್ರಕರಣಗಳು ನಮ್ಮ ರಾಜ್ಯದಲ್ಲೇ ಆಗಿವೆ. ಕರೆಂಟಿನ ಗೀಸರ್ ಆದರೆ, ಕರೆಂಟು ಸೋರಿದೊಡನೆ ಕಡಿದುಹಾಕುವ ಆರ್‌ಸಿಸಿಬಿ ಮನೆಯ ಮೇನ್ ಬೋರ್ಡಿನಲ್ಲಿರುತ್ತದೆ, ಅದಕ್ಕೊಂದು ಟೆಸ್ಟ್ ಬಟನ್ ಇರುತ್ತದೆ. ತಿಂಗಳಿಗೊಮ್ಮೆ ಒತ್ತಿದಾಗ ಕರೆಂಟು ಹೋಗಲೇಬೇಕು. ಇದು ಎಲೆಕ್ಟ್ರಿಷಿಯನ್ನನ ಪಾಠವಾದರೂ ನೀರು ಕರೆಂಟು ಕೂಡುವ ಜಾಗದಲ್ಲಿ ಜೀವ ಉಳಿಸುವುದು ಅದೇ.

ಕರಾವಳಿಯವರಿಗೆ ಈ ಬಿಳಿ ಪೊರೆಯ ಗೋಳು ಕಡಿಮೆ. ಅಲ್ಲಿ ಹಲವೆಡೆ ನೀರಿನ ಕಬ್ಬಿಣದಂಶಕ್ಕೆ ಟೈಲ್ಸು, ಕಮೋಡು ಕೆಂಪಾಗುವುದು ದೊಡ್ಡ ತಲೆನೋವು. ಮಲೆನಾಡಿನಲ್ಲಿ ಗುಡ್ಡದ ಅಬ್ಬಿ ನೀರನ್ನು ಹಿಂದೆ ಅಡಿಕೆ ದಂಬೆಯಲ್ಲಿ, ಈಗ ಕರಿ ಪೈಪಿನಲ್ಲಿ ಮನೆಗೆ ತರುವವರ ಪ್ಲಂಬಿಂಗ್ ನಿರ್ವಹಣೆಯೇ ಬೇರೆ. ನೀರು ನಿಂತರೆ ಕತ್ತಿ ಹಿಡಿದು ಗುಡ್ಡ ಹತ್ತಿ, ಪೈಪಿನ ಬಾಯಿಗೆ ಸಿಕ್ಕ ಎಲೆಯನ್ನೋ ಏಡಿಯನ್ನೋ ಬಿಡಿಸಿ ಬರಬೇಕು.

ಇಳಿದು ಹೋಗುವ ನೀರು

ಅಡುಗೆಮನೆಯ ಸಿಂಕು ಕಟ್ಟುವುದು ಮುಖ್ಯವಾಗಿ ಎಣ್ಣೆ ಜಿಡ್ಡಿನಿಂದ. ಕಾಫಿ ಚರಟ, ದೋಸೆ ಹಿಟ್ಟಿನ ಪಾತ್ರೆ ತೊಳೆದ ಮಡ್ಡಿ ಆ ಜಿಡ್ಡಿಗೆ ಅಂಟಿ ಗಾರೆಯಂತೆ ಗಟ್ಟಿಯಾಗುತ್ತವೆ. ಬಾಣಲೆಯ ಎಣ್ಣೆಯನ್ನು ಕಾಗದದಲ್ಲಿ ಒರೆಸಿ, ಚರಟವನ್ನು ಗಿಡಕ್ಕೆ ಹಾಕಿದರೆ ಅರ್ಧ ತೊಂದರೆ ಬಾರದು. ವಾರಕ್ಕೊಮ್ಮೆ ಒಂದು ಹಿಡಿ ವಾಷಿಂಗ್ ಸೋಡಾ ಹಾಕಿ, ಕೈ ತಾಳುವುದಕ್ಕಿಂತ ತುಸು ಹೆಚ್ಚು ಬಿಸಿಯ ನೀರು ಸುರಿಯಿರಿ. ಕುದಿಯುವ ನೀರು ಬೇಡ, ಪಿವಿಸಿ ಪೈಪು ಮೆತ್ತಗಾಗುತ್ತದೆ. ಕಟ್ಟಿಕೊಂಡೇಬಿಟ್ಟರೆ ಕೆಳಗೆ ಬಕೆಟ್ಟು ಇಟ್ಟು ಬಾಟಲ್ ಟ್ರ್ಯಾಪಿನ ತಳವನ್ನು ಕೈಯಲ್ಲೇ ತಿರುಗಿಸಿ ಬಿಚ್ಚಿ. ಗಲೀಜು ಕೆಲಸ ನಿಜ, ಆದರೆ ಅಂಗಡಿಯ ಯಾವ ಪುಡಿಗಿಂತಲೂ ನಂಬಬಹುದಾದದ್ದು.

ಆ್ಯಸಿಡ್ ಬಾಟಲಿಯ ಮೇಲೆ ನಮ್ಮವರಿಗೆ ವಿಪರೀತ ಪ್ರೀತಿ. ಅದು ಟೈಲ್ಸ್ ಸಂದಿಯ ಸಿಮೆಂಟು ತಿನ್ನುತ್ತದೆ, ಆ ಸಂದಿಯಿಂದ ನೀರು ಇಳಿದು ಕೆಳಗಿನ ಸೀಲಿಂಗು ಒದ್ದೆಯಾಗುತ್ತದೆ. ಆ್ಯಸಿಡ್ ಮತ್ತು ಬ್ಲೀಚಿಂಗ್ ಪೌಡರ್ ಎರಡನ್ನೂ ಒಟ್ಟಿಗೆ ಹಾಕಿದರೆ ಕ್ಲೋರಿನ್ ಅನಿಲ ಏಳುತ್ತದೆ. ಕಿಟಕಿ ಮುಚ್ಚಿದ ಬಾತ್‌ರೂಮಿನಲ್ಲಿ ಅದು ಶ್ವಾಸಕೋಶವನ್ನು ಸುಡುತ್ತದೆ. ಮನೆಗೆಲಸಕ್ಕೆ ಬರುವವರಿಗೂ ಇದನ್ನು ತಪ್ಪದೆ ಹೇಳಿ, ಎರಡನ್ನೂ ಒಂದೇ ಮೂಲೆಯಲ್ಲಿ ಇಡಬೇಡಿ.

ಯಾರೂ ಬಳಸದ ಅತಿಥಿ ಬಾತ್‌ರೂಮಿನಿಂದ ಕೊಳೆತ ವಾಸನೆ, ಜಿರಲೆ ಬಂದರೆ ಫಿನಾಯಿಲ್ ಸುರಿಯುವ ಮುಂಚೆ ನೆಲದ ಜಾಲಿ ಎತ್ತಿ ನೋಡಿ. ಕೆಳಗಿನ ನಹಾನಿ ಟ್ರ್ಯಾಪಿನಲ್ಲಿ ಸದಾ ನಿಂತಿರಬೇಕಾದ ಎರಡಂಗುಲ ನೀರು ಒಣಗಿರುತ್ತದೆ. ಚರಂಡಿಗೂ ಮನೆಗೂ ನಡುವಿನ ಬಾಗಿಲು ಆ ನೀರೇ. ವಾರಕ್ಕೆರಡು ಚೊಂಬು ನೀರು ಹಾಕಿದರೆ ಸಾಕು. ಬೇಸಿಗೆ ರಜೆಗೆ ಊರಿಗೆ ಹೊರಟಾಗ ಮೇಲೆ ಒಂದು ಚಮಚ ಅಡುಗೆ ಎಣ್ಣೆ ಬಿಟ್ಟುಹೋದರೆ ನೀರು ಬೇಗ ಆರುವುದಿಲ್ಲ.

ಸೆಪ್ಟಿಕ್ ಟ್ಯಾಂಕ್ ಅಥವಾ ಪಿಟ್ ತುಂಬಿದರೆ ಸಕ್ಕಿಂಗ್ ಯಂತ್ರದ ಗಾಡಿಯನ್ನೇ ಕರೆಸಬೇಕು. ಮನುಷ್ಯರನ್ನು ಒಳಗೆ ಇಳಿಸುವುದು ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆಯ ಪ್ರಕಾರ ಅಪರಾಧ, ದುಡ್ಡು ಕೊಟ್ಟು ಇಳಿಸಿದ ಮನೆಯವರೂ ಅದರಿಂದ ತಪ್ಪಿಸಿಕೊಳ್ಳಲಾರರು. "ಅವರೇ ಇಳೀತೀನಿ ಅಂದ್ರು" ಎಂಬ ಸಬೂಬು ನಡೆಯುವುದಿಲ್ಲ.

ಮೇ ತಿಂಗಳ ಕೊನೆಗೆ ತಾರಸಿಯ ಮಳೆನೀರು ಕಿಂಡಿಗಳ ಎಲೆ ತೆಗೆದು, ಚೇಂಬರಿನ ಮುಚ್ಚಳ ಎತ್ತಿ ನೋಡಿ, ಮಳೆಕೊಯ್ಲಿನ ಫಿಲ್ಟರಿನ ಜಲ್ಲಿ ಮರಳು ತೊಳೆಯಿರಿ. ಬೆಂಗಳೂರಿನಲ್ಲಿ 2009ರ ತಿದ್ದುಪಡಿಯಿಂದ 60x40 ಅಡಿ ಮತ್ತು ಅದಕ್ಕೂ ದೊಡ್ಡ ನಿವೇಶನದ ಹಳೆಯ ಮನೆಗಳಿಗೂ 30x40 ಅಡಿ ಮತ್ತು ಅದಕ್ಕೂ ದೊಡ್ಡ ನಿವೇಶನದ ಹೊಸ ಮನೆಗಳಿಗೂ ಮಳೆಕೊಯ್ಲು ಕಡ್ಡಾಯವಾಯಿತು. ಹಾಕಿಸಿದ ದಿನದಿಂದ ಫಿಲ್ಟರ್ ತೆರೆಯದ ಮನೆಗಳೇ ಹೆಚ್ಚು. ತಾರಸಿಯ ಪೈಪನ್ನು ಒಳಚರಂಡಿ ಚೇಂಬರಿಗೆ ಜೋಡಿಸಿದ್ದರೆ ಬಿಡಿಸಿ. ಬೀದಿಯ ಮನೆಗಳೆಲ್ಲ ಹಾಗೆ ಮಾಡಿದಾಗ ಜೋರು ಮಳೆಗೆ ಕೊಳೆ ವಾಪಸು ಉಕ್ಕುವುದು ತಗ್ಗಿನ ಮನೆಯ ಬಾತ್‌ರೂಮಿನಲ್ಲಿ.

ಪ್ಲಂಬರ್ ಬಂದಾಗ

ನೀವು ಮಾಡಬಾರದ ಕೆಲಸಗಳೂ ಇವೆ. ಗೋಡೆಯೊಳಗಿನ ಪೈಪು, ಗೀಸರಿನ ಒಳಭಾಗ, ಗ್ಯಾಸಿಗೆ ಸೇರಿದ್ದೆಲ್ಲ ಬಲ್ಲವರಿಗೇ ಬಿಡಿ. ಆದರೆ ಬಲ್ಲವರು ಬಂದಾಗ ಪಕ್ಕದಲ್ಲಿ ನಿಂತು ನೋಡಿ. ಸಿಪಿವಿಸಿ ಪೈಪಿಗೆ ಹಿತ್ತಾಳೆಯ ಮರೆ ಇರುವ ಫಿಟ್ಟಿಂಗನ್ನು ವಿಪರೀತ ಬಿಗಿದರೆ ಸೀಳುತ್ತದೆ, ಆ ಸೀಳು ತಿಂಗಳು ಕಳೆದ ಮೇಲೆ ಸೋರತೊಡಗುತ್ತದೆ. ಟೆಫ್ಲಾನ್ ಟೇಪು ಸುತ್ತಿ ಹದವಾಗಿ ಬಿಗಿಯಲು ಹೇಳಿ. ಸಾಲ್ವೆಂಟ್ ಹಚ್ಚಿ ಜೋಡಿಸಿದ ಮೇಲೆ ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ನೀರು ಬಿಡಬಾರದು. ಪ್ಲಂಬರಿಗೆ ಮುಂದಿನ ಮನೆಗೆ ಹೋಗುವ ಅವಸರ, ಆ ಹೊತ್ತು ಕಾಯಬೇಕಾದವರು ನೀವೇ. ಬಿಸಿಲಿಗೆ ಬಿದ್ದಿರುವ ಪ್ಲಾಸ್ಟಿಕ್ ಪೈಪಿಗೆ ನೀರು ಬೆರೆಸುವ ಜಾತಿಯ ಬಣ್ಣ ಹೊಡೆಸಿದರೆ ಬಾಳಿಕೆ ಹೆಚ್ಚು.

ಮನೆ ಹಳೆಯದಾಗಿ ಜಿಐ ಪೈಪು ಇದ್ದರೆ ಬೆಳಗಿನ ಮೊದಲ ನೀರಿನ ಬಣ್ಣ ನೋಡಿ. ಕೆಂಪಗೆ ಬರುತ್ತಿದ್ದರೆ ಒಳಗೆ ತುಕ್ಕು ಬೆಳೆದು ದಾರಿ ಕಿರಿದಾಗಿದೆ. ಅಲ್ಲೊಂದು ಇಲ್ಲೊಂದು ತುಂಡು ಬದಲಿಸುವುದು ದಂಡದ ಖರ್ಚು, ಒಂದು ತುಂಡು ಅಲುಗಿಸಿದರೆ ಪಕ್ಕದ್ದು ಸೋರುತ್ತದೆ. ಗೋಡೆ ಒಡೆಯದೆ ಹೊರಗೋಡೆಯ ಮೇಲೇ ಹೊಸ ಸಿಪಿವಿಸಿ ಪೈಪು ಎಳೆಸುವುದು ನನ್ನ ಸಲಹೆ. ನೋಡಲು ಚಂದವಿಲ್ಲ ಎನ್ನುವವರಿದ್ದಾರೆ. ಮುಂದೆ ಸೋರಿದರೆ ಕಣ್ಣಿಗೆ ಬೀಳುತ್ತದೆ ಎಂಬುದು ನನಗೆ ಚಂದಕ್ಕಿಂತ ದೊಡ್ಡದು.

ಗೋಡೆಯೊಳಗೇ ಹಾಕಿಸುವುದಾದರೆ ಟೈಲ್ಸ್ ಮುಚ್ಚುವ ಮುಂಚೆ ನಾಲ್ಕೂ ಗೋಡೆಗಳ ಫೋಟೊ ತೆಗೆಯಿರಿ. ಮೂಲೆಯಿಂದ ಟೇಪು ಹಿಡಿದು ಅಳತೆ ಕಾಣುವಂತೆ ತೆಗೆದರೆ ಇನ್ನೂ ಒಳ್ಳೆಯದು. ಉಳಿದ ಟೈಲ್ಸ್ ಐದಾರನ್ನು ಅಟ್ಟದ ಮೇಲೆ ಇಡಿ. ಹತ್ತು ವರ್ಷದ ಮೇಲೆ ಆ ಡಿಸೈನು ಅಂಗಡಿಯಲ್ಲಿ ಸಿಗುವುದಿಲ್ಲ. ಫೋಟೊಗಳನ್ನು ಫೋನಿನಲ್ಲಷ್ಟೇ ಬಿಡದೆ ಪ್ರಿಂಟು ಹಾಕಿಸಿ, ಮನೆಯ ಕಂದಾಯದ ರಸೀತಿ ಇಡುವ ಫೈಲಿನಲ್ಲೇ ಸೇರಿಸಿ.